ಇಪ್ಪತ್ತೆರಡು ಸೀಟಿನ ಜೀಪು

ಲೆಕ್ಕದ ಮಾಸ್ತರರಲ್ಲಿ ಎರಡು ಬಗೆ. ಉತ್ತರ ವಿಚಿತ್ರವಾಗಿ ಬಂದರೆ ಎಲ್ಲಿ ತಪ್ಪಿತೆಂದು ಹುಡುಕುವವರು ಒಂದು ಬಗೆ. ಉತ್ತರದಲ್ಲಿ ದಶಮಾಂಶದ ನಂತರ ನಾಲ್ಕು ಅಂಕಿಗಳಿದ್ದರೆ ಅದು ತಪ್ಪಿರಲು ಸಾಧ್ಯವೇ ಇಲ್ಲವೆಂದು ನಂಬುವವರು ಇನ್ನೊಂದು ಬಗೆ. ನಾನು ಎರಡನೆಯವನು. ವರ್ಷಗಟ್ಟಲೆ ಇದನ್ನು ಹುಡುಗರಿಂದ ಮುಚ್ಚಿಟ್ಟಿದ್ದೆ. ಬಯಲಾದದ್ದು ಬೆಳಗಾವಿಯ ಒಂದು ವಿಚಾರ ಸಂಕಿರಣದಲ್ಲಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಭೂಮಿ ಬಿಸಿಯಾಗುತ್ತಿದೆ ಎಂಬ ಸುದ್ದಿ ನೇಸರಗಿಯ ನಮ್ಮ ಕಾಲೇಜಿಗೂ ಮುಟ್ಟಿತ್ತು. ವಾಹನಗಳ ಇಂಗಾಲದ ಹೊಗೆಯನ್ನು ತಗ್ಗಿಸುವ ದಾರಿ ತೋರುವ ಒಂದು ಮಾಡೆಲ್ ಬೇಕೆಂದು ಸಂಕಿರಣದವರು ಬರೆದಾಗ, ಪ್ರಾಚಾರ್ಯರು ನನ್ನನ್ನು ಕೇಳದೆಯೇ ನನ್ನ ಹೆಸರು ಕಳಿಸಿದರು. ಮಾಡೆಲ್ ಎಂದ ಕೂಡಲೇ ನನ್ನ ಹೆಂಡತಿ ಥರ್ಮಾಕೋಲು, ಅಂಟು, ಬಣ್ಣದ ಕಾಗದ ತಂದಿಟ್ಟಳು. ಇದು ಅಂಥದ್ದಲ್ಲ, ಗಣಿತದ್ದು. ಯಾವ ಗಾಡಿ ತಲೆಗೆಷ್ಟು ಹೊಗೆ ಬಿಡುತ್ತದೆ, ಯಾವುದು ಹೆಚ್ಚಾದರೆ ಹೊಗೆ ಕಡಿಮೆಯಾದೀತು ಎಂದು ಕಂಪ್ಯೂಟರೇ ಹೇಳುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಥರ್ಮಾಕೋಲಿನದಾದರೆ ನೋಡಲಿಕ್ಕಾದರೂ ಚೆಂದವಿರುತ್ತಿತ್ತು ಎಂದು ಅವಳು ಅದನ್ನು ಅಟ್ಟಕ್ಕೆ ಹಾಕಿದಳು.

ಬೈಲಹೊಂಗಲದಿಂದ ನೇಸರಗಿಗೆ ನಾನು ದಿನಾ ಹೋಗುತ್ತಿದ್ದುದು ಫಕೀರಪ್ಪನ ಬಾಡಿಗೆ ಜೀಪಿನಲ್ಲಿ. ಮಾಸ್ತರನೆಂಬ ಮರ್ಯಾದೆಗೆ ಮುಂದುಗಡೆ, ಗೇರಿನ ಕೋಲಿನ ಎರಡೂ ಬದಿಗೆ ಕಾಲು ಚಾಚಿ ಕೂರುವ ಜಾಗ ನನಗೆ ಮೀಸಲು. ಫಕೀರಪ್ಪ ತನ್ನ ಬಲಕ್ಕೂ ಒಬ್ಬನನ್ನು ಒತ್ತಿ ಕೂರಿಸಿಕೊಂಡು, ಗೇರು ಬದಲಿಸುವಾಗಲೆಲ್ಲ ನನ್ನ ಮೊಣಕಾಲಿನ ಕ್ಷಮೆ ಕೇಳುತ್ತಿದ್ದ. ಹೊರಡುವ ಮುನ್ನ ಅವನು ಕೂಗುತ್ತಿದ್ದುದು ಒಂದೇ ಮಾತು: "ಇನ್ನ ಎರಡ ಸೀಟ್ ಬರ್ಲಿರಿ, ಬಿಟ್ಟೇಬಿಡತೇನಿ." ಸೀಟು ಎಂದರೆ ನಮ್ಮ ಕಡೆ ಕೂರುವ ಜಾಗವಲ್ಲ, ಕೂರುವ ಮನುಷ್ಯ. ಹಿಂದೆ ನೇತಾಡುವವನೂ ಸೀಟೇ, ಟಾಪಿನ ಮೇಲೆ ಹತ್ತಿದವನೂ ಸೀಟೇ. ದಿನಾ ಇದನ್ನು ಕೇಳುತ್ತಿದ್ದ ನಾನೇ ಮಾಡೆಲಿಗೆಂದು ಗಾಡಿಯವರಿಗೆ ಹಂಚಿದ ಸಮೀಕ್ಷೆಯ ಫಾರ್ಮಿನಲ್ಲಿ 'ನಿಮ್ಮ ವಾಹನದಲ್ಲಿ ಎಷ್ಟು ಸೀಟುಗಳಿವೆ?' ಎಂದು ಅಚ್ಚು ಹಾಕಿಸಿದೆ. ಫಕೀರಪ್ಪ ಪ್ರಾಮಾಣಿಕ. ಇಪ್ಪತ್ತೆರಡು ಎಂದು ಬರೆದುಕೊಟ್ಟ.

ಬಂದ ಫಾರ್ಮುಗಳನ್ನೆಲ್ಲ ಕಣ್ಣುಮುಚ್ಚಿ ಕಂಪ್ಯೂಟರಿಗೆ ತುಂಬಿದೆ. ಬಸ್ಸು, ಮೋಟರ್‌ಸೈಕಲ್ಲು ಎಲ್ಲವನ್ನೂ ಹಿಂದೆ ಹಾಕಿ ಫಕೀರಪ್ಪನ ಜೀಪು ಮೊದಲು ಬಂತು. ಜೀಪಿನಷ್ಟೇ ಡೀಸೆಲ್ ಕುಡಿದು ಇಪ್ಪತ್ತೆರಡು ಜನರನ್ನು ಕೂರಿಸಿಕೊಳ್ಳುವ ವಾಹನ ನಮ್ಮ ತಾಲ್ಲೂಕಿನಲ್ಲಿದೆ, ಇಂಥವು ಹೆಚ್ಚಬೇಕು ಎಂದು ಬೆಳಗಾವಿಯಲ್ಲಿ ಎದೆಯುಬ್ಬಿಸಿ ಓದಿದೆ. ಅದೇ ಜೀಪಿನಲ್ಲಿ ಮುದುಡಿ ಕೂರುವವನು ನಾನೇ ಎಂಬುದು ಆಗ ನೆನಪಾಗಲೇ ಇಲ್ಲ. ಆಧಾರ ಬೇಕಲ್ಲ ಎಂದು ಗಾಡಿಯ ನಂಬರು, ಮಾಲೀಕನ ಹೆಸರು ಎರಡನ್ನೂ ಕೊನೆಯ ಪುಟದಲ್ಲಿ ಹಾಕಿದ್ದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಸಾರಿಗೆ ಅಧಿಕಾರಿಯೊಬ್ಬರು ಒಂದು ಪ್ರತಿ ಬೇಕೆಂದರು. ಎಂಥ ಆಸಕ್ತಿ ಎಂದು ಹಿಗ್ಗಿ, ಸಹಿ ಮಾಡಿಯೇ ಕೊಟ್ಟೆ.

ಮೂರನೆಯ ದಿನ ಜೀಪು ಠಾಣೆಯ ಮುಂದೆ ನಿಂತಿತ್ತು. ಪರವಾನಗಿ ಇದ್ದದ್ದು ಒಂಬತ್ತು ಜನರಿಗೆ. ಫಕೀರಪ್ಪ ಮನೆಗೆ ಬಂದ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

"ಸರ್, ನನ್ನ ಗಾಡಿ ಎಲ್ಲಾಕ್ಕಿಂತ ಚಲೋ ಅಂತ ಬರದೀರಂತ, ಹೌದೇನ್ರಿ?"

ಹೌದು ಎಂದೆ.

"ಅದ ಕಾಗದ ತೋರಿಸೇ ಹಿಡದಾರ್ರಿ. ಇನ್ನೊಮ್ಮೆ ಬರಿಯೂದಿದ್ರ ಒಂದೀಟ ಕೆಟ್ಟ ಐತಿ ಅಂತ ಬರೀರಿ."

ನಾಚಿಕೆಯಿಂದ ಸತ್ತುಹೋದೆ. ಅಧಿಕಾರಿಗಳನ್ನು ಕಂಡು ಕೈಮುಗಿದರೂ ಏನೂ ಆಗಲಿಲ್ಲ. ದಂಡ ಕಟ್ಟಿದ ಮೇಲೆ ಜೀಪು ಬಿಡುಗಡೆಯಾಯಿತು, ಆದರೆ ಒಂಬತ್ತೇ ಜನರ ಬಾಡಿಗೆ ಡೀಸೆಲ್ಲಿಗೂ ಸಾಲದೆ, ಫಕೀರಪ್ಪ ಅದನ್ನು ಮಾರಿಬಿಟ್ಟ. ಅದರಲ್ಲಿ ಓಡಾಡುತ್ತಿದ್ದವರು ಬಸ್ಸು ಕಾದು ಕಾದು ಬೇಸತ್ತು, ಒಬ್ಬೊಬ್ಬರಾಗಿ ಮೋಟರ್‌ಸೈಕಲ್ಲು ಕೊಂಡರು. ನಾನೂ ಒಂದು ಸ್ಕೂಟರ್ ಕೊಂಡೆ. ಈ ದಾರಿಯಲ್ಲಿ ಹೊಗೆ ಎಷ್ಟು ಪಟ್ಟು ಹೆಚ್ಚಿತೆಂಬುದನ್ನು ನನ್ನ ಮಾಡೆಲ್ ಬಹಳ ಕರಾರುವಾಕ್ಕಾಗಿ ಹೇಳುತ್ತದೆ. ಅದನ್ನು ಓದಲು ಮಾತ್ರ ಯಾರೂ ಕರೆಯಲಿಲ್ಲ.

ಹೋದ ತಿಂಗಳು ನಾನೆಂದೂ ಹೋಗದ ಒಂದು ಪಂಪಿಗೆ ಪೆಟ್ರೋಲ್ ಹಾಕಿಸಲು ಹೋದರೆ ಕೊಳವೆ ಹಿಡಿದು ನಿಂತವನು ಫಕೀರಪ್ಪ. ಜೀಪು ಹೋದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿದ್ದನಂತೆ. ನನ್ನನ್ನು ನೋಡಿ ನಕ್ಕ, ಮನೆಯವರನ್ನೆಲ್ಲ ವಿಚಾರಿಸಿದ, ಮುಚ್ಚಳ ತೆಗೆದು ಕೊಳವೆ ಇಟ್ಟ.

"ಈಗ ಹೊಗಿ ಕಡಿಮಿ ಆಗೇತೇನ್ರಿ, ಸರ್?" ಎಂದು ಕೇಳಿದ. ಕೊಂಕೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ.

ಟಾಕಿ ಫುಲ್ ಮಾಡು ಎಂದೆ.