ಹುಬ್ಬಳ್ಳಿಯಲ್ಲಿ ಹಿಮ ಕರಗುವ ತನಕ

ಬೇರೆಯವರ ಮನೆಯಲ್ಲಿ ವರ್ಷಕ್ಕೊಮ್ಮೆ ಆಗುವಂಥದ್ದು ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಆಗುತ್ತದೆ. ಇದಕ್ಕೆ ನನ್ನ ಗಂಡನೇ ಕಾರಣ ಅಂತ ನಾನು ಹೇಳುವುದಿಲ್ಲ. ನಮ್ಮ ಓಣಿಯವರು ಹೇಳುತ್ತಾರೆ, ನಾನು ಸುಮ್ಮನಿರುತ್ತೇನೆ.

ಅವರು ಸಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ನಿವೃತ್ತರಾದ ಮೇಲೂ ಕೊರಳಲ್ಲಿ ಸೀಟಿ ಹಾಗೇ ಉಳಿದಿದೆ. ನಾನು ಧಾರವಾಡದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಹುಬ್ಬಳ್ಳಿಯ ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ನಾವಿಬ್ಬರು ಮತ್ತು ಎಂಬತ್ನಾಲ್ಕು ವರ್ಷದ ನಮ್ಮ ಅತ್ತೆ.

ಒಂದು ಮುಂಜಾನೆ ಇವರು ಫೋನಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದರು. ಯಾವುದೋ ಚಳಿ ದೇಶದ ಮುದುಕ. ಕಿಟಕಿಯ ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಅವನು ಟ್ರೇದಲ್ಲಿ ಟೊಮ್ಯಾಟೊ ಬೀಜ ಊರುತ್ತಿದ್ದ. ಕೆಳಗೆ ಕನ್ನಡದಲ್ಲಿ ಅಕ್ಷರ ಬರುತ್ತಿದ್ದವು.

"ಹಿಮ ಕರಗೋ ತನಕ ಸಸಿ ಮನ್ಯಾಗ ಬೆಳಸಬೇಕಂತ" ಅಂದರು ಇವರು. "ನಾವೂ ಹಂಗ ಮಾಡೋಣು."

"ರೀ, ಹುಬ್ಬಳ್ಳ್ಯಾಗ ಹಿಮ ಎಲ್ಲೈತ್ರಿ?"

ಇವರು ಸ್ವಲ್ಪ ಯೋಚಿಸಿದರು. "ಇಲ್ಲಂದ್ರ ಛಲೋನ ಆತಲ್ಲ. ಕರಗೋದು ಲಗೂ ಮುಗೀತೈತಿ!"

೧. ಚಳಿಗಾಲದ ಡಬ್ಬಿ

ಆ ಮುದುಕನ ಪ್ರಕಾರ ಕೆಲವು ಹೂವಿನ ಬೀಜಗಳಿಗೆ ಚಳಿಗಾಲ ಕಳೆದುಹೋಯಿತು ಅಂತ ಖಾತ್ರಿಯಾಗದ ಹೊರತು ಮೊಳಕೆ ಒಡೆಯುವುದಿಲ್ಲವಂತೆ. ಅದಕ್ಕೆ ಒದ್ದೆ ಅರಿವೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡಬೇಕು. ಇವರು ಎಲ್ಲಿಂದಲೋ ಅಂಥ ಬೀಜ ತರಿಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ "ಚಳಿಗಾಲ. ತೆಗೆಯಬಾರದು" ಅಂತ ಬರೆದು ಮೊಸರಿನ ಪಕ್ಕ ಇಟ್ಟರು.

ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಬೇಕೆಂದು ಬಂದವಳು ಫ್ರಿಜ್ಜು ತೆರೆದು, ಡಬ್ಬಿ ಓದಿ, ಮೊಸರು ಮರೆತು ಹಾಗೇ ಮನೆಗೆ ಹೋದಳು.

ಹದಿನೆಂಟು ದಿನ ಕಳೆದವು. ಬೀಜ ಹೊರಗೆ ತೆಗೆಯುವ ದಿನ ಇವರು ಡಬ್ಬಿ ಮುಟ್ಟಿ ನೋಡಿದರೆ ಬಿಸಿಯಾಗಿತ್ತು! ಫ್ರಿಜ್ಜು ಕೆಟ್ಟಿದೆ ಅಂತ ಗದ್ದಲ ಎಬ್ಬಿಸಿದರು. ಆಗ ಅತ್ತೆ ಒಳಗಿನಿಂದ ಬಂದರು.

"ಫ್ರಿಜ್ಜಿಗೆ ಏನೂ ಆಗಿಲ್ಲ. ಈಗಿನ್ನ ಬಿಸಿಲಾಗಿಂದ ತಂದಿಟ್ಟೇನಿ."

"ಬಿಸಿಲಾಗ ಯಾಕ ಇಟ್ಟಿ ಅವ್ವಾ?"

"ಪಾಪ, ಒದ್ದಿ ಅರಿಬ್ಯಾಗ ನಡಗಾಕತ್ತಿರ್ತಾವು. ದಿನಾ ಮಧ್ಯಾಹ್ನ ಒಂದ್ ತಾಸು ಮಾಳಿಗಿ ಮ್ಯಾಲ ಇಟ್ಟು, ಮತ್ತ ಒಳಗ ಇಡತೇನಿ."

ಇವರು ತಲೆ ಹಿಡಿದುಕೊಂಡು ಕುಂತರು. "ಅವ್ವಾ, ದಿನಾ ಒಂದು ಚಳಿಗಾಲ, ಒಂದು ಬ್ಯಾಸಗಿ! ಅಂದ್ರ ದಿನಕ್ಕೊಂದು ವರ್ಷ! ಈ ಬೀಜಕ್ಕ ಈಗ ಹದಿನೆಂಟು ವರ್ಷ ಆಗ್ಯಾವು, ಗೊತ್ತೈತೇನು?"

ಅತ್ತೆ ಸಮಾಧಾನದಿಂದ ಹೇಳಿದರು: "ಹಂಗಾರ ಮದಿವಿ ವಯಸ್ಸಿಗೆ ಬಂದಾವು. ಇನ್ನ ಮನ್ಯಾಗ ಇಟಗೋಬ್ಯಾಡ."

೨. ಟ್ರೇ

ಟೊಮ್ಯಾಟೊ, ಬದನೆ, ಡಬ್ಬು ಮೆಣಸಿನಕಾಯಿಗೆ ಚಳಿಗಾಲ ಬೇಕಿರಲಿಲ್ಲ. ತತ್ತಿಯ ಟ್ರೇ ಬೇಕಿತ್ತು. ಒಂದೊಂದು ಕುಳಿಯಲ್ಲಿ ಒಂದೊಂದು ಬೀಜ.

ನಮ್ಮದು ತತ್ತಿ ಎಂಬ ಶಬ್ದವನ್ನೂ ಮೆಲ್ಲಗೆ ಆಡುವ ಮನೆ. ಅತ್ತೆ ಪೂಜೆ ಮುಗಿಸದೆ ಚಹಾ ಸಹ ಮುಟ್ಟುವುದಿಲ್ಲ, ಸೋಮವಾರಕ್ಕೊಮ್ಮೆ ನಮ್ಮ ಪಡಸಾಲೆಯಲ್ಲೇ ಓಣಿಯ ಹೆಂಗಸರ ಭಜನೆ. ಇವರು ಬೆಂಗೇರಿಯ ತತ್ತಿ ಅಂಗಡಿಯ ಚಾಚಾನ ಹತ್ತಿರ ಹೋಗಿ, ಖಾಲಿ ಟ್ರೇಗಳನ್ನು ಸ್ಕೂಟರಿನ ಹಿಂದೆ ಗೋಪುರದಂತೆ ಕಟ್ಟಿಕೊಂಡು, ಸರಿಯಾಗಿ ಸೋಮವಾರ ಸಂಜೆ ಭಜನೆ ನಡೆದಾಗ ಅಂಗಳಕ್ಕೆ ಬಂದರು.

ತಾಳ ನಿಂತಿತು. ಭಜನೆಯ ಮುಖಂಡೆ ಕಣ್ಣಲ್ಲೇ ಟ್ರೇ ಎಣಿಸಿದಳು.

"ಏನ್ರಿ ಮಾಸ್ತರ, ಇಷ್ಟೆಲ್ಲಾ ಖಾಲಿ ಆತೇನ್ರಿ?"

"ಹೌದ್ರಿ, ಎಲ್ಲಾ ಖಾಲಿ" ಅಂದರು ಇವರು ಹೆಮ್ಮೆಯಿಂದ. "ಇನ್ನೂ ಬೇಕಾಗತಾವು."

ಆ ಹೆಂಗಸು ತಾಳ ಚೀಲಕ್ಕೆ ಹಾಕಿಕೊಂಡು ಎದ್ದಳು. ಅತ್ತೆ ಅವಳ ಸೆರಗು ಹಿಡಿದು ಒಳಗೆ ಕರೆದೊಯ್ದು, ಮಣ್ಣು ತೋರಿಸಿ, ಬೀಜ ತೋರಿಸಿ, ವಿಭೂತಿ ಮುಟ್ಟಿ ಹೇಳಿದ ಮೇಲೆ ಭಜನೆ ಮುಂದುವರಿಯಿತು.

ಚಾಚಾನಿಗೂ ಆಶ್ಚರ್ಯ. ತತ್ತಿ ತಿನ್ನದ ಮನೆಯವರು ಟ್ರೇ ಒಯ್ದು ಏನು ಮಾಡುತ್ತಾರೆ ಅಂತ ಎರಡು ವಾರ ಬಿಟ್ಟು ತಾವೇ ನೋಡಲು ಬಂದರು. ಅಷ್ಟೊತ್ತಿಗೆ ಮಲಗುವ ಕೋಣೆಯ ತುಂಬ ಟ್ರೇ, ಟ್ರೇ ತುಂಬ ಹಸಿರು ಸಸಿ. ಚಾಚಾ ಬಹಳ ಹೊತ್ತು ನಿಂತು ನೋಡಿದರು. ಕಡೆಗೆ ನಿಟ್ಟುಸಿರು ಬಿಟ್ಟರು.

"ಮಾಸ್ತರ್, ನಿಮ್ಮ ಕೈಗುಣ ದೊಡ್ಡದ್ರಿ. ಇದ ಟ್ರೇದಾಗ ನಾನು ಮೂವತ್ತು ವರ್ಷ ತತ್ತಿ ಇಟ್ಟೇನಿ. ಒಂದಾರ ಮರಿ ಹೊರಗ ಬಂದೈತೇನು?"

೩. ಹದಿನೇಳು

ಆ ಸಸಿ ಮೊದಲು ಮೂಡಿದ ದಿನ ನಾನು ಡ್ಯೂಟಿಯಲ್ಲಿದ್ದೆ. ವಾರ್ಡಿನಲ್ಲಿ ಚೊಚ್ಚಲ ಬಸುರಿಯೊಬ್ಬಳು ಮುಂಜಾನೆಯಿಂದ ಒದ್ದಾಡುತ್ತಿದ್ದಳು. ಡಾಕ್ಟರರೂ ನಾನೂ ಧೈರ್ಯ ಹೇಳಿ ಹೇಳಿ ಸೋತಿದ್ದೆವು. "ನನ್ನ ಕೈಲೆ ಆಗಂಗಿಲ್ಲರಿ" ಅಂತ ಒಂದೇ ಅಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಫೋನು ಬಡಿದುಕೊಳ್ಳತೊಡಗಿತು. ಕೈಗೆ ಗ್ಲೌಸು. ಮನೆಯಲ್ಲಿ ಅತ್ತೆಗೆ ಏನಾದರೂ ಆಯಿತೋ ಅಂತ ಹೆದರಿ, "ಯಾರಂತ ನೋಡು" ಎಂದು ಆಯಾಗೆ ಹೇಳಿದೆ. ಅವಳು ಒತ್ತಬಾರದ್ದನ್ನು ಒತ್ತಿದಳು. ನನ್ನ ಗಂಡನ ಡ್ರಿಲ್ ಧ್ವನಿ ವಾರ್ಡಿನ ತುಂಬ ಮೊಳಗಿತು.

"ಬಂತು! ತಲಿ ಹೊರಗ ಬಂತು!"

ಬಸುರಿಯ ಅಳು ನಿಂತಿತು.

"ಒಂದಲ್ಲ, ಹದಿನೇಳು! ಎಲ್ಲಾ ಒಂದ ತಾಸಿನ್ಯಾಗ! ಇನ್ನೂ ಬರಾಕತ್ತಾವು!"

ಬಾಗಿಲ ಹೊರಗೆ ನಿಂತಿದ್ದ ಅವಳ ಗಂಡ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಂತನಂತೆ, ಆಮೇಲೆ ಆಯಾ ಹೇಳಿದಳು. ನನ್ನ ಕೈ ಹಿಡಿದಿದ್ದ ಆ ಹುಡುಗಿ ಮಾತ್ರ ಕಣ್ಣೊರೆಸಿಕೊಂಡು, ಗಟ್ಟಿ ಮನಸ್ಸು ಮಾಡಿ ಹೇಳಿದಳು:

"ಸಿಸ್ಟರ್, ನಾ ಎಷ್ಟ್ ಬೇಕಾದ್ರೂ ತ್ರಾಸ ತಡಕೋತೇನ್ರಿ. ಆದ್ರ ನನಗ ಒಂದ ಸಾಕ್ರಿ!"

ಹತ್ತು ನಿಮಿಷದಲ್ಲಿ ಒಂದೇ ಹುಟ್ಟಿತು. ಮೂರು ಕಿಲೋ, ಗಟ್ಟಿಮುಟ್ಟಾದ ಹೆಣ್ಣು. ಇಂಥ ಒಳ್ಳೆಯ ಸುದ್ದಿಯನ್ನು ಯಾವ ತಂದೆಯೂ ಇಷ್ಟು ಸಮಾಧಾನದಿಂದ ಕೇಳಿದ್ದನ್ನು ನಾನು ನೋಡಿಲ್ಲ.

೪. ಸಾವಧಾನ್

ಒಳಗೆ ಬೆಳೆದ ಸಸಿ ಬಿಸಿಲು ಕಾಣದೆ ಸೊರಗಿ ಉದ್ದವಾಗುತ್ತವೆ. ಅದಕ್ಕೆ ನೇರಳೆ ಬಣ್ಣದ ದೀಪ ಹಚ್ಚಬೇಕು, ದಿನಾ ಕೈಯಾಡಿಸಿ ಅತ್ತ ಇತ್ತ ಬಾಗಿಸಬೇಕು, ಆಗ ಕಾಂಡ ಗಟ್ಟಿಯಾಗುತ್ತದೆ. ಇದನ್ನು ಕೇಳಿದ ಮೇಲೆ ಇವರನ್ನು ಹಿಡಿಯುವವರಿಲ್ಲ. ದಿನಾ ಸಂಜೆ ಕೋಣೆಯಲ್ಲಿ ಸೀಟಿ ಊದಿ, ಒಂದು ರಟ್ಟಿನಿಂದ ಗಾಳಿ ಬೀಸುತ್ತ "ಎಡ! ಬಲ! ಎಡ! ಬಲ!" ಅಂತ ಕವಾಯತು ಶುರು ಮಾಡಿದರು. ಹಿಂದಿನ ಸಾಲಿನ ಬದನೆ ಸಸಿಗಳಿಗೆ ಬೈಗುಳವೂ ಬೀಳುತ್ತಿತ್ತು.

ಕಿಟಕಿಯಲ್ಲಿ ನೇರಳೆ ಬೆಳಕು, ಒಳಗೆ ಸೀಟಿ. ಯಾರೋ ದೂರು ಕೊಟ್ಟರು. ಒಬ್ಬ ಪೊಲೀಸಿನವನು ವಿಚಾರಿಸಲು ಬಂದ. ಅವನು ಗೇಟು ತೆರೆದು ಅಂಗಳಕ್ಕೆ ಕಾಲಿಡುವುದಕ್ಕೂ ಒಳಗಿನಿಂದ "ಸಾವಧಾನ್!" ಅಂತ ಗುಡುಗು ಬರುವುದಕ್ಕೂ ಸರಿಹೋಯಿತು.

ನಾನು ತರಕಾರಿ ಹಿಡಿದು ಬಂದಾಗ ಆತ ಅಂಗಳದ ನಡುವೆ ಎದೆ ಉಬ್ಬಿಸಿ, ಹಿಮ್ಮಡಿ ಜೋಡಿಸಿ, ಕಂಬದಂತೆ ನಿಂತಿದ್ದ. ಹಣೆಯಿಂದ ಬೆವರು.

"ಯಾಕ್ರಿ, ಏನು ಬೇಕಾಗಿತ್ತು?" ಅಂದೆ.

ಅವನು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ: "ಅಕ್ಕಾರ, ನಾ ಮಾಸ್ತರ ಹತ್ರ ಕಲತಾಂವ್ರಿ. ಹತ್ತು ನಿಮಿಷ ಆತು. ಒಳಗ ಹೋಗಿ ಒಂದ್ ಸಲ 'ವಿಶ್ರಾಮ್' ಅನ್ನಾಕ ಹೇಳ್ರಿ!"

೫. ಐಸು

ಮೇ ತಿಂಗಳು ಬಂತು. ಸಸಿ ಹೊರಗಿಡಬೇಕು. ಆದರೆ ಆ ಮುದುಕ ಹೇಳಿದ್ದು ಹೊರಗೆ ಬೆಚ್ಚಗಾಗುವ ತನಕ ಕಾಯಿರಿ ಅಂತ. ನಮ್ಮ ಹೊರಗೆ ಹಂಚಿನ ಮೇಲೆ ರೊಟ್ಟಿ ಸುಡುವಷ್ಟು ಬೆಚ್ಚಗಿತ್ತು. ಒಂದು ದಿನ ಒಂದೇ ಒಂದು ತಾಸು ಅಂಗಳದಲ್ಲಿ ಇಟ್ಟದ್ದಕ್ಕೆ ಅರ್ಧಕ್ಕರ್ಧ ಸಸಿ ತಲೆ ಬಾಗಿಸಿ ಒಣಗಿದವು. ಉಳಿದವನ್ನಾದರೂ ಉಳಿಸಬೇಕೆಂದು ಇವರು ನನಗೆ ಹೇಳದೆ ಐಸ್ ಫ್ಯಾಕ್ಟರಿಗೆ ಹೋಗಿ, ಎರಡು ದೊಡ್ಡ ಐಸಿನ ಗಡ್ಡೆಗಳನ್ನು ತಳ್ಳುಗಾಡಿಯಲ್ಲಿ ಹಾಕಿಸಿ, ಗೋಣಿಚೀಲ ಮುಚ್ಚಿ ಮನೆಗೆ ತಂದರು.

ನಮ್ಮ ಓಣಿಯಲ್ಲಿ ಮನೆಗೆ ಐಸಿನ ಗಡ್ಡೆ ಬಂತೆಂದರೆ ಅದಕ್ಕೆ ಒಂದೇ ಅರ್ಥ. ದೂರದ ಸಂಬಂಧಿಕರು ಬರುವ ತನಕ ಹೆಣ ಕಾಯಬೇಕಾಗಿದೆ.

ನಾನು ಮುಂಜಾನೆಯ ಡ್ಯೂಟಿ ಮುಗಿಸಿ ಬಸ್ಸಿಳಿದರೆ, ಪಕ್ಕದ ಮನೆಯಾಕೆ ಓಡಿಬಂದು ನನ್ನ ಎರಡೂ ಕೈ ಹಿಡಿದು ಕಣ್ಣೀರು ಹಾಕಿದಳು. ಮನೆಯ ಮುಂದೆ ಚಪ್ಪಲಿಯ ರಾಶಿ, ಬಾಡಿಗೆ ಕುರ್ಚಿಗಳು, ಭಜನೆಯವರ ತಾಳ. ಗೇಟಿನಲ್ಲಿ ನೀರು ಸೋರುವ ತಳ್ಳುಗಾಡಿ. ಮುಂಜಾನೆ ತಾನೇ ಅತ್ತೆ ನನ್ನ ಡಬ್ಬಿಗೆ ಚಟ್ನಿಪುಡಿ ಹಾಕಿ ಕಳಿಸಿದ್ದರು.

ಇವರು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಂತಿದ್ದರು. ಸುತ್ತ ಓಣಿಯ ಗಂಡಸರು.

"ನಿನ್ನಿ ತನಕ ಎಲ್ಲಾ ನೆಟ್ಟಗ ಇತ್ತು" ಅನ್ನುತ್ತಿದ್ದರು ಇವರು. "ಒಂದ ತಾಸು ಬಿಸಿಲಾಗ ಬಿಟ್ಟದ್ದು ನಂದ ತಪ್ಪು."

"ಹಂಗ ಅನಕೋಬ್ಯಾಡ್ರಿ ಮಾಸ್ತರ" ಅಂದ ಒಬ್ಬ ಹಿರಿಯ. "ವಯಸ್ಸು ಎಷ್ಟಾಗಿತ್ತ್ರಿ?"

"ನಲವತ್ತೆರಡು ದಿವಸ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ದುಃಖದಲ್ಲಿ ಬುದ್ಧಿ ಕೆಟ್ಟಿದೆ ಅಂತ ಇವರ ಬೆನ್ನು ಸವರಿದರು. ಇವರು ಕಣ್ಣೊರೆಸಿಕೊಂಡು ನನಗೆ ಹೇಳಿದರು: "ನೋಡು, ನಮ್ಮ ಸಸಿಗೋಳ ಮ್ಯಾಲ ಓಣಿ ಮಂದಿಗೆ ಇಷ್ಟು ಪ್ರೀತಿ ಐತಂತ ನನಗ ಗೊತ್ತ ಇರಲಿಲ್ಲ!"

ನಾನು ಒಳಗೆ ಓಡಿದೆ. ಮಲಗುವ ಕೋಣೆಯ ಬಾಗಿಲು ದೂಡಿದೆ. ದೊಡ್ಡ ಬುಟ್ಟಿಯಲ್ಲಿ ಐಸು, ಅದರ ಹಿಂದೆ ಟೇಬಲ್ ಫ್ಯಾನು, ಮುಂದೆ ಟ್ರೇಗಳಲ್ಲಿ ಬದುಕಿ ಉಳಿದ ಸಸಿಗಳು, ಅವುಗಳ ನಡುವೆ ಮಂಚದ ಮೇಲೆ ಹೊದ್ದು ಮಲಗಿದ ಅತ್ತೆ. "ಅತ್ತೀ!" ಅಂತ ಕಿರುಚಿದೆ. ಅವರು ಕಣ್ಣು ಬಿಟ್ಟು, "ಬಾಗಿಲಾ ಹಾಕ, ತಂಪು ಹೊರಗ ಹೋಗತೈತಿ" ಅಂದರು.

ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ. ಅವರು ಎದ್ದು, ನನ್ನ ತಲೆ ಸವರಿ, ಹೊರಗಿನ ತಾಳದ ಸಪ್ಪಳ ಕೇಳಿ ಪಡಸಾಲೆಗೆ ನಡೆದರು. ಭಜನೆಯ ಹೆಂಗಸರು ಕಣ್ಣು ಮುಚ್ಚಿ ಹಾಡುತ್ತಿದ್ದರು. ಯಾರೋ ತೀರಿಕೊಂಡಿರಬೇಕು ಅಂತ ತಿಳಿದು ಅತ್ತೆಯೂ ಮೂಲೆಯಲ್ಲಿ ಕುಂತು ಧ್ವನಿ ಸೇರಿಸಿದರು. ಒಂದು ಪದ ಪೂರ್ತಿ ಮುಗಿಯಿತು. ಆಮೇಲೆ ಮುಖಂಡೆಯ ಕಿವಿಯಲ್ಲಿ ಮೆಲ್ಲಗೆ ಕೇಳಿದರು:

"ಯಾರು ಹೋದ್ರವಾ?"

ಮುಖಂಡೆ ಕಣ್ಣು ಮುಚ್ಚಿಕೊಂಡೇ "ಮಾಸ್ತರ ತಾಯಿ" ಅಂದಳು. "ಪಾಪ, ಛಲೋ ಹೆಣಮಗಳು" ಅಂದು, ಕಣ್ಣು ತೆರೆದು, ಚೀರಿದಳು.

ಎಲ್ಲ ಬಿಡಿಸಿ ಹೇಳುವುದರಲ್ಲಿ ನನಗೆ ಸಾಕಾಯಿತು. ನಕ್ಕು ನಕ್ಕು ಎಲ್ಲರ ಹೊಟ್ಟೆ ಹುಣ್ಣಾಯಿತು. ಉಳಿದದ್ದು ಮಲ್ಲಿಗೆಯ ದೊಡ್ಡ ಹಾರದ ಪ್ರಶ್ನೆ. ಸಾವಿಗೆಂದು ತಂದದ್ದನ್ನು ಯಾರೂ ಮನೆಗೆ ಒಯ್ಯಲು ತಯಾರಿಲ್ಲ. ಅತ್ತೆ ಅಂದರು: "ನನಗಂತ ತಂದದ್ದು ನನಗ ಹಾಕ್ರಿ. ಹೂವಿನ ವಾಸನಿ ಈಗಾದ್ರ ನನಗೂ ಬರತೈತಿ."

ಪಡಸಾಲೆಯ ನಡುವೆ ಕುರ್ಚಿ ಇಟ್ಟು ಕೂಡಿಸಿದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಮಲ್ಲಿಗೆ. ನಮ್ಮವರಲ್ಲಿ ಹೆಣವನ್ನೂ ಹೀಗೇ ಕೂಡಿಸುತ್ತಾರೆ. ಬಂದದ್ದು ಬಂದಿದ್ದೇವೆ ಅಂತ ಹೆಂಗಸರು ಮತ್ತೊಂದು ಪದ ಎತ್ತಿಕೊಂಡರು. ಐಸಿನ ತಂಪು ಹತ್ತಿದ್ದ ಅತ್ತೆಗೆ ಕೂತಲ್ಲೇ ಕಣ್ಣು ಎಳೆಯಿತು.

ಅದೇ ಹೊತ್ತಿಗೆ ಮನೆಯ ಮುಂದೆ ಆಟೋ ನಿಂತಿತು. ಯಾರೋ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದರು. ಹತ್ತಿರದ ಸತ್ತೂರಿನಲ್ಲಿರುವ ಅತ್ತೆಯ ಮಗಳು ಕೂದಲು ಕೆದರಿಕೊಂಡು ಒಳಗೆ ನುಗ್ಗಿದಳು. ನಾವು ತಡೆಯುವಷ್ಟರಲ್ಲಿ ತಾಯಿಯ ಮೊಣಕಾಲು ತಬ್ಬಿ ಬಿದ್ದು ಹೊರಳಾಡಿದಳು.

"ಅವ್ವಾ! ಅವ್ವಾ! ಹೋಗೂ ಮುಂದ ನನ್ನ ಕೂಡ ಒಂದ ಒಂದು ಮಾತು ಆಡಿ ಹೋಗಬಾರದಿತ್ತೇನ ಯವ್ವಾ!"

ಅತ್ತೆ ಕಣ್ಣು ಬಿಟ್ಟು ಮಗಳನ್ನು ನೋಡಿದರು.

"ಆಡಾಕ ನಾ ತಯಾರ ಇದ್ನಿ" ಅಂದರು. "ಆರು ತಿಂಗಳಿಂದ ಫೋನ್ ಎತ್ತದಾಕಿ ನೀನು!"