ಮಾತು ಮುಗಿಸುವ ಮಣೆಗಳು

"ದಾನಮ್ಮಾ, ಲಗೂನ ಬಾ! ಇನ್ನಮ್ಯಾಲೆ ನಮ್ಮ ಸಾಲ್ಯಾಗ ದಡ್ಡರು ಅನ್ನೋರ ಇರಂಗಿಲ್ಲ!"

ನಮ್ಮ ಮನೆಯವರು ಹೀಗೆ ಕೂಗಿದರೆಂದರೆ ಊರಿಗೆ ಏನೋ ಕಾದಿದೆ ಎಂದೇ ಅರ್ಥ. ಅವರ ಹೆಸರು ಮುರಗೇಂದ್ರಪ್ಪ, ಕಡ್ಲಿಕೊಪ್ಪದ ಶಾಲೆಯಲ್ಲಿ ವಿಜ್ಞಾನದ ಮಾಸ್ತರು. ನಾನು ಅದೇ ಶಾಲೆಯ ಕನ್ನಡದ ಅಕ್ಕೋರು. ಹಿಂದೊಮ್ಮೆ ಅವರು ಮಾಡಿದ್ದ 'ತಾನೇ ಬಾರಿಸುವ ಗಂಟೆ' ಪರೀಕ್ಷೆಯ ದಿನ ಪ್ರಾರ್ಥನೆ ಮುಗಿಯುವ ಮೊದಲೇ ಶಾಲೆ ಬಿಡಿಸಿತ್ತು. ಮಕ್ಕಳು ಈಗಲೂ ಅದನ್ನು ನೆನೆದು ಕೈ ಮುಗಿಯುತ್ತಾರೆ.

ಅವತ್ತು ಭಾನುವಾರ, ಎಂಟನೆಯ ತರಗತಿಯ ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪ್ರತಿ ಮಗುವಿನ ಜಾಗದಲ್ಲಿ ಒಂದು ಕಟ್ಟಿಗೆಯ ಮಣೆ, ಮಣೆಗೆ ಬಿಗಿದದ್ದು ಊರವರು ಮೂಲೆಗೆ ಎಸೆದಿದ್ದ ಒಡಕಲು ಮೊಬೈಲು.

"ಇವಕ್ಕ ಜಾಣಮಣಿ ಅಂತ ಹೆಸರಿಟ್ಟೀನಿ. ಕಪಾಟಿನ್ಯಾಗ ಕುಂತು ತಿಂಗಳಿಂದ ನನ್ನ ಪಾಠ ಕೇಳ್ಯಾವ. ಯಾರಿಗೆ ಎಲ್ಲಿ ತಿಳಿದಿಲ್ಲ ಅಂತ ತಾವ ಗುರುತು ಹಿಡಿದು ಮತ್ತ ಹೇಳಿಕೊಡ್ತಾವ. ಶಿಕ್ಷಣ ಇಲಾಖಿ ಸಾಹೇಬ್ರು ಬಂದಾಗ ಇವನ್ನ ತೋರಿಸಿದ್ರ ನಮ್ಮ ಸಾಲಿ ಉಳೀತತಿ!"

ಅದೇ ನಮ್ಮೆಲ್ಲರ ಚಿಂತೆ. ಮಕ್ಕಳು ಕಡಿಮೆಯಾದರೆಂದು ನಮ್ಮ ಶಾಲೆಯನ್ನು ಹೆದ್ದಾರಿಯ ಆಚೆಯ ಶಾಲೆಗೆ ಸೇರಿಸುವ ಮಾತು ನಡೆದಿತ್ತು. ಲಾರಿಗಳ ನಡುವೆ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? "ಸಾಲಿ ಅತ್ತಾಗ ಹೋದ್ರ ನೀಲಮ್ಮ ಮನ್ಯಾಗ ಇರ್ತಾಳ್ರಿ" ಎಂದು ಒಬ್ಬಳ ಅಪ್ಪ ಆಗಲೇ ಹೇಳಿ ಹೋಗಿದ್ದ.

ಮನೆಯವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಬಿಸಿಲಿನ್ಯಾಗ ಎಲಿ ತನ್ನ ಅಡಿಗಿ ತಾನ ಮಾಡ್ಕೊಳ್ಳೂದಕ್ಕ ಏನಂತಾರ? ದ್ಯುತಿ..."

"ಸಂಶ್ಲೇಷಣೆ!"

ಖಾಲಿ ಕೋಣೆ, ತುಂಬಿದ ತರಗತಿಯ ದನಿ! ವೀರೇಶನ ಒಡಕು ಗಂಟಲು, ತಸ್ಲೀಮಳ ಕಿಸಿಕಿಸಿ, ಎಲ್ಲವೂ ಇತ್ತು. ನಾನು ಮೂಲೆಯತ್ತ ತಿರುಗಿದೆ.

"ರೀ, ಆ ಮೂಲಿಯಿಂದ ಬಂದ ದನಿ ಯಾರದು?"

ಮೂಲೆ ನೀಲಮ್ಮನ ಜಾಗ. ಆ ಹುಡುಗಿ ಶಾಲೆಗೆ ಸೇರಿದಾಗಿನಿಂದ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಹಾಜರಿಗೂ ಕೈ ಎತ್ತುತ್ತಾಳೆ, ಅಷ್ಟೇ.

"ಆಕಿ ಒಮ್ಮೆಯೂ ಮಾತಾಡಿಲ್ಲ. ದನಿ ಇದಕ್ಕ ಹೆಂಗ ಸಿಕ್ಕಿತು?"

ಅವರು ತಲೆ ಕೆರೆದುಕೊಂಡರು. "ಅದು ನನಗೂ..."

"ಗೊತ್ತಿಲ್ಲ!" ಎಂದವು ಮಣೆಗಳು.

ತಪ್ಪು ಎಲ್ಲಿ ಆಗಿತ್ತೆಂದು ನನಗೆ ಆಗಲೇ ಹೊಳೆಯಿತು. ನಮ್ಮ ಮಾಸ್ತರುಗಳ ಚಾಳಿ ನಿಮಗೂ ಗೊತ್ತಲ್ಲ? ಅರ್ಧ ಮಾತು ಆಡಿ ನಿಲ್ಲಿಸುವುದು, ಉಳಿದರ್ಧವನ್ನು ಮಕ್ಕಳು ಕೂಗುವುದು. ತಿಂಗಳಿಡೀ ಅದನ್ನೇ ಕೇಳಿದ ಮಣೆಗಳು ವಿಜ್ಞಾನ ಕಲಿಯಲಿಲ್ಲ. ಯಾರು ಅರ್ಧಕ್ಕೆ ನಿಲ್ಲಿಸಿದರೂ ಉಳಿದದ್ದನ್ನು ಮುಗಿಸಬೇಕು ಎಂಬುದೊಂದನ್ನೇ ಕಲಿತವು. ಮುಗಿಸುತ್ತಿದ್ದದ್ದು ಪುಸ್ತಕದಿಂದಲ್ಲ, ಆಡುವವರ ಹೊಟ್ಟೆಯೊಳಗಿಂದ!

ಸೋಮವಾರ ಡ್ರಿಲ್ ಮಾಸ್ತರು ಬಂದು, "ಶನಿವಾರ ನನಗ ಜ್ವರ..." ಎಂದು ರಾಗ ಎಳೆದರು.

"ಬಂದಿದ್ದಿಲ್ರೀ ಸರ್! ಸಂತಿಗೆ ಹೋಗಿದ್ರಿ!"

ಮಕ್ಕಳು ಗೊಳ್ಳೆಂದರು. ನನಗೆ ಮನೆಯವರ ಮೇಲೆ ಸಿಟ್ಟು ನೆತ್ತಿಗೇರಿತು. "ನಿಮ್ಮನ್ನ ಕಟ್ಕೊಂಡ ದಿನದಿಂದ ನಾನು..."

"ಸುಖವಾಗಿ ಅದೀನ್ರಿ!"

ಇಡೀ ತರಗತಿಯ ಎದುರು! ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಓಡಿದೆ. ಮನೆಯವರು ಅವತ್ತೆಲ್ಲ ಮೀಸೆ ತಿರುವಿದರು.

ನನ್ನ ಕಾಟಕ್ಕೆ ಅವರು ಎಲ್ಲ ಮೊಬೈಲುಗಳ ಬ್ಯಾಟರಿ ಕಿತ್ತು ಕೋಣೆಗೆ ಬೀಗ ಹಾಕಿದರು. ಮರುದಿನ ಮಧ್ಯಾಹ್ನ ನಾನು ಒಬ್ಬಳೇ ಆ ಪಡಸಾಲೆಯಲ್ಲಿ ಹೋಗುತ್ತಿದ್ದೆ. "ಉಪ್ಪಿನಕಾಯಿ ಭರಣಿ ಮುಚ್ಚಿ ಬಂದ್ನೋ..." ಎಂದು ನನ್ನಷ್ಟಕ್ಕೆ ಗೊಣಗಿಕೊಂಡೆ.

"ಇಲ್ರೀ ಅಕ್ಕೋರ," ಎಂದಿತು ಬೀಗ ಹಾಕಿದ ಬಾಗಿಲಿನ ಒಳಗಿಂದ, ಮೆಲ್ಲಗೆ.

ಮನೆಗೆ ಓಡಿ ನೋಡಿದೆ. ಭರಣಿ ಬಾಯಿ ತೆರೆದುಕೊಂಡೇ ಕುಳಿತಿತ್ತು.

"ಇವನ್ನ ಭಾವಿಗೆ ಒಗೀರಿ!" ಎಂದು ಮನೆಯವರ ಮುಂದೆ ಗೋಳಿಟ್ಟೆ. "ಸಾಹೇಬ್ರು ನಾಳೆನ ಬರ್ತಾರ, ತೋರಿಸಾಕ ಬ್ಯಾರೆ ಏನೈತಿ?" ಎಂದರು. ಅದೂ ನಿಜವೇ. ಕೊನೆಗೆ ನಾನೇ ಶಾಲೆಗೆಲ್ಲ ಅಪ್ಪಣೆ ಮಾಡಿದೆ: ನಾಳೆ ಯಾರೂ ಅರ್ಧ ಮಾತು ಆಡಕೂಡದು!

ಮರುದಿನ ಶಾಲೆಯನ್ನು ಕೇಳಬೇಕಿತ್ತು! "ಗುರುಗಳೇ, ನಾನು ನೀರು ಕುಡಿದು ಮರಳಿ ಬರುತ್ತೇನೆ" ಎನ್ನುವವನೊಬ್ಬ, "ಗೆಳೆಯನೇ, ನೀನು ನನ್ನ ಕಾಲನ್ನು ತುಳಿದಿರುವೆ" ಎನ್ನುವವನೊಬ್ಬ.

ಆದರೆ ಕುಂದರಗಿ ಸಾಹೇಬರಿಗೆ ಯಾರು ಅಪ್ಪಣೆ ಮಾಡಬೇಕು? ಅವರದು ಮಾತು ಎಳೆಯುವ ನಾಲಗೆ. ಬಂದವರೇ ತಮ್ಮ ಫೋನನ್ನು ಮುಂದಿನ ಮಣೆಯೊಂದರ ಮೇಲಿಟ್ಟರು. "ಭಾಳ ಛಲೋ ಮಾಡೀರಿ ಮಾಸ್ತರ. ಆದರ ಈ ಸಾಲಿ..."

"ಮುಚ್ಚೂದು ಅಂತ ಬರೂಕಿಂತ ಮೊದಲ ನಿಶ್ಚಯ ಮಾಡೀನಿ!"

ಸಾಹೇಬರ ಮುಖ ಸುಣ್ಣವಾಯಿತು. "ಯಾರದು? ಬಂದ್ ಮಾಡ್ರಿ ಇವನ್ನ!"

"ಬಂದ್ ಅದಾವ್ರಿ." ಮನೆಯವರು ಮೂಲೆಯ ಮಣೆಯನ್ನು ಎತ್ತಿ ತಂದು, ಫೋನಿನ ಖಾಲಿ ಬೆನ್ನು ತೋರಿಸಿದರು.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ಎರಡು ಸಾಲಿ ಕೂಡಿಸಿದ್ರ ತಪ್ಪೇನು? ಈ ಮಕ್ಕಳೆಲ್ಲಾ ಅಲ್ಲಿಗೆ..."

ಮಣೆಗಳು ಸುಮ್ಮನಾದವು, ಮೊದಲ ಸಲ. ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಏನಾದರೂ ಅನ್ನಿರೇ ಎಂದು ನಾನು ಆ ಹಾಳು ಮಣೆಗಳಿಗೇ ಹರಕೆ ಹೊತ್ತೆ.

"ಎಲ್ಲಾರೂ ಹೋಗಂಗಿಲ್ರಿ," ಎಂದಿತು ಮೂಲೆಯ ದನಿ. "ನಾ ಹೋಗಂಗಿಲ್ಲ. ಹೆದ್ದಾರಿ ದಾಟಬ್ಯಾಡ ಅಂದಾನ ನಮ್ಮಪ್ಪ. ಈ ಸಾಲಿ ಹೋದ್ರ ನನ್ನ ಓದು ಮುಗೀತ್ರಿ."

"ಕೇಳಿದ್ರಿ? ನನ್ನ ಜಾಣಮಣಿ!" ಎಂದು ಮನೆಯವರು ಕುಣಿದರು.

ಮೂಲೆಯ ಮಣೆ ಅವರ ಕೈಯಲ್ಲೇ ಇತ್ತು! ಅಲ್ಲಿ ಎದ್ದು ನಿಂತಿದ್ದವಳು ನೀಲಮ್ಮ.

"ನೀನ ಮಾತಾಡಿದೇನವ್ವಾ?" ನಾನು ಅವಳ ಬಳಿಗೆ ಹೋದೆ.

"ಹೂಂನ್ರಿ ಅಕ್ಕೋರ. ಮಣಿ ನನ್ನಂಗ ಮಾತಾಡೂದು ಕೇಳಿದ್ನ್ರಿ. ನನ್ನ ದನಿ ಅಷ್ಟೇನ ಕೆಟ್ಟಿಲ್ಲ ಅನಿಸ್ತು."

ಸಾಹೇಬರು "ವಿಚಾರ ಮಾಡೂಣು" ಎಂದು ಫೋನು ಕಿಸೆಗೆ ಹಾಕಿಕೊಂಡು ಜೀಪು ಹತ್ತಿದರು. ಅವತ್ತಿನಿಂದ ನಮ್ಮ ಮಣೆಗಳು ಎಷ್ಟು ಕೆಣಕಿದರೂ ತುಟಿಪಿಟಕ್ಕೆನ್ನಲಿಲ್ಲ. ಒಳಗಿದ್ದದ್ದು ಎದ್ದು ಎಲ್ಲಿಗೋ ಹೋದಂತಿತ್ತು.

ಎಲ್ಲಿಗೆಂದು ಡ್ರಿಲ್ ಮಾಸ್ತರು ಸುದ್ದಿ ತಂದರು. ದೊಡ್ಡ ಸಭೆಯಲ್ಲಿ ಸಾಹೇಬರು "ಕಡ್ಲಿಕೊಪ್ಪದ ಸಾಲಿ ಮುಚ್ಚ..." ಎಂದರಂತೆ. ಅವರ ಕಿಸೆಯಿಂದ ಇಡೀ ಎಂಟನೆಯ ತರಗತಿ ಕೂಗಿತಂತೆ, "ಬಾರದ್ರೀ ಸರ್!" ಫೋನು ಬದಲಿಸಿದರೂ ಅದೇ ಕತೆ. ಈಗ ಆ ದನಿಗೆ ಫೋನೇ ಬೇಕಿಲ್ಲವಂತೆ. ಮನೆಯಲ್ಲಿ "ಕಿಟಕಿ ಮುಚ್ಚ..." ಎಂದರೂ ಗೋಡೆಯೊಳಗಿಂದ "ಬಾರದ್ರೀ ಸರ್!" ಪಾಪ, ಅವರ ಮನೆಯಲ್ಲಿ ಬಾಗಿಲು, ಕಿಟಕಿ, ಹಾಲಿನ ಪಾತ್ರೆ ಎಲ್ಲವೂ ತೆರೆದೇ ಇವೆ.

ನಮ್ಮ ಶಾಲೆಯೂ ತೆರೆದೇ ಇದೆ. ನೀಲಮ್ಮ ಈಗ ನನಗೇ ಮಾತಾಡಲು ಬಿಡುವುದಿಲ್ಲ.

ಇಷ್ಟು ವರ್ಷ ವಾಕ್ಯ ಪೂರ್ತಿ ಮಾಡಿರೋ ಎಂದು ನಾನು ಬಡಕೊಂಡರೂ ಯಾರೂ ಕಲಿಯಲಿಲ್ಲ. ಈಗ ಸಾಹೇಬರೊಬ್ಬರೇ ಕಲಿತಿದ್ದಾರಂತೆ.