ಕಂಬ ಕಂಡರೆ ಕೂಗು

ನಮ್ಮಕ್ಕನಿಗೆ ಮನುಷ್ಯರಿಗಿಂತ ಲೈಟ್ ಕಂಬಗಳ ಮೇಲೆ ಅಕ್ಕರೆ ಜಾಸ್ತಿ! ಒಡಹುಟ್ಟಿದವನು ನಾನು, ಸುಮ್ಮನೆ ಹೇಳುತ್ತಿಲ್ಲ. ನನಗೆ ಹೆಣ್ಣು ನೋಡಲು ಹೊಸಕೋಟೆಗೆ ಹೋದಾಗ ಎಲ್ಲರೂ ಒಳಗೆ ಹುಡುಗಿಯನ್ನು ನೋಡುತ್ತಿದ್ದರೆ, ಇವಳು ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟು ಕಂಬ ನೋಡುತ್ತಿದ್ದಳು. ಹುಡುಗಿಯ ಅಪ್ಪ ಗಾಬರಿಯಿಂದ ಓಡಿ ಬಂದರು.

"ಕರೆಂಟ್ ಬಿಲ್ಲು ಮೊನ್ನೇನೇ ಕಟ್ಟಿದೀವಿ ಮೇಡಂ!"

ಆ ಹುಡುಗಿಯೇ ಈಗ ನನ್ನ ಹೆಂಡತಿ. ಅಕ್ಕ ಕಂಬವನ್ನು ಒಪ್ಪಿದಳೋ ಹುಡುಗಿಯನ್ನು ಒಪ್ಪಿದಳೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಅಕ್ಕ ಗೈರೋಪ್ಲೇನ್ ಹಾರಿಸುತ್ತಾಳೆ. ಸ್ಕೂಟರಿಗೂ ಹೆಲಿಕಾಪ್ಟರಿಗೂ ಮದುವೆಯಾಗಿ ಹುಟ್ಟಿದಂಥ ಗಾಡಿ ಅದು. ದೇವನಹಳ್ಳಿಯಲ್ಲಿ ಕ್ಯಾಬ್ ಓಡಿಸುತ್ತಾ, ಪ್ಯಾಸೆಂಜರಿಗೆ ಕಾಯುತ್ತಾ, ಮೇಲೆ ನೋಡಿ ನೋಡಿ ಹತ್ತಿಸಿಕೊಂಡ ಹುಚ್ಚು. ಈಗ ದೊಡ್ಡಬೆಳವಂಗಲದ ಆಚೆ ಒಂದು ಖಾಸಗಿ ರನ್‌ವೇಯಿಂದ ಎದ್ದು, ಕ್ಯಾಮೆರಾದವನನ್ನು ಹಿಂದೆ ಕೂರಿಸಿಕೊಂಡು, ದ್ರಾಕ್ಷಿ ತೋಟಗಳ ಮೇಲೆ ತೀರಾ ಕೆಳಗೆ ಹಾರುತ್ತಾಳೆ. ಎಲ್ಲಿ ಬಳ್ಳಿಗೆ ರೋಗ ಬಿದ್ದಿದೆ ಅಂತ ಫೋಟೋ ತೆಗೆಯುವ ಕೆಲಸ.

"ಅದಕ್ಕೆ ಡ್ರೋನ್ ಸಾಲ್ದೇನಕ್ಕಾ?" ಅಂದೆ ಒಮ್ಮೆ.

"ಡ್ರೋನಿಗೆ ಹೆದರಿಕೆ ಇಲ್ಲ ಕಣೋ. ಅದಕ್ಕೇ ತಂತಿಗೆ ಸಿಕ್ಕಿ ಬೀಳುತ್ತೆ. ನಂಗೆ ಬೇಕಾದಷ್ಟು ಹೆದರಿಕೆ ಇದೆ!"

ಹೆದರಿಕೆಯವಳ ಅಭ್ಯಾಸ ನೋಡಬೇಕು! ನಮ್ಮ ಮನೆಗೆ ಬಂದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಂಡಿಗಳ ನಡುವೆ ಪೊರಕೆ ನಿಲ್ಲಿಸಿಕೊಂಡು, ಕೋಳಿಮರಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚುತ್ತಾಳೆ.

"ಅತ್ತಿಗೆ, ಪೊರಕೆ ಕೊಡ್ತೀರಾ? ಮನೆ ಗುಡಿಸ್ಬೇಕು," ಅಂತಾಳೆ ನನ್ನ ಹೆಂಡತಿ.

"ತಡಿಯಮ್ಮಾ, ಲ್ಯಾಂಡಿಂಗಲ್ಲಿದೀನಿ!"

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಅವಳ ಪಾಠ ನನಗೆ ಬಾಯಿಪಾಠ. ಮೇಲಿನ ರೆಕ್ಕೆಯನ್ನು ಇಂಜಿನ್ ತಿರುಗಿಸುವುದಿಲ್ಲ, ಗಾಳಿ ತಿರುಗಿಸುತ್ತದೆ. ಮಂಡಿಗಳ ನಡುವೆ ನಿಂತು ಗಾಡಿ ನಡೆಸುವ ಕಡ್ಡಿಯನ್ನು ದಿಢೀರನೆ ಮುಂದಕ್ಕೆ ನೂಕಬಾರದು. "ರೆಕ್ಕೆ ಮೇಲೆ ಭಾರ ಇರ್ಬೇಕು ಕಣೋ. ಭಾರ ಹೋದ್ರೆ ಕೆಲಸ ಮರೆತುಬಿಡುತ್ತೆ, ನಿನ್ನ ಥರಾನೇ." ಬೆನ್ನಿಗೆ ಗಾಳಿ ಇದ್ದಾಗ ನೆಲ ಜೋರಾಗಿ ಓಡಿದಂತೆ ಕಾಣುತ್ತದೆ, ಅದನ್ನು ನಂಬಿ ವೇಗ ತಗ್ಗಿಸಿದರೆ ಕೆಟ್ಟೆವು. ಎಲ್ಲಕ್ಕಿಂತ ದೊಡ್ಡದು ಇದು: ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದ್ದೇ ಇದೆ ಅಂತ ತಿಳಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು ಗೊತ್ತೇ?

ನಮ್ಮ ದ್ರಾಕ್ಷಿ ತೋಟದ ಮೇಲೆ ಹಾರುವ ಹಿಂದಿನ ದಿನ ಅಕ್ಕ ಫೋನ್ ಮಾಡಿದಳು. "ಸುತ್ತ ಒಂದ್ಸಲ ನಡೆದು ನೋಡ್ಬಿಡೋ. ಹೊಸ ತಂತಿ ಗಿಂತಿ ಏನಾದ್ರೂ ಎಳೆದಿದಾರಾ?"

ನಾನು ಟೀ ಅಂಗಡಿಯಲ್ಲಿದ್ದೆ. ಬಜ್ಜಿ ಬಿಸಿಯಾಗಿತ್ತು. "ನೋಡಿದೆ ಕಣಕ್ಕಾ, ಏನೂ ಇಲ್ಲ, ಬಾ," ಅಂದುಬಿಟ್ಟೆ.

ಮರುದಿನ ಬೆಳಿಗ್ಗೆ ಅರ್ಧ ಊರೇ ಬದುವಿನ ಮೇಲಿತ್ತು. ನನ್ನ ಜಂಬವೋ ಕೇಳಬೇಡಿ! "ನಮ್ಮಕ್ಕ! ಒಂದೇ ಹೊಟ್ಟೇಲಿ ಹುಟ್ಟಿದವಳು!" ಅಕ್ಕ ಮೇಲೆ ಸುತ್ತು ಹಾಕುತ್ತಿದ್ದಳು. ಆಗ ತೋಟದ ಆ ತುದಿಯಲ್ಲಿ ಬಿಸಿಲಿಗೆ ಏನೋ ಮಿಂಚಿತು. ಪಕ್ಕದ ತೋಟದವನು ಪಂಪ್‌ಸೆಟ್ಟಿಗೆ ಹೊಸದಾಗಿ ಎಳೆಸಿದ ತಂತಿ!

ಎರಡೂ ಕೈ ಎತ್ತಿ ಬೀಸಿದೆ. ಅಕ್ಕನಿಗೆ ಟಾಟಾ ಮಾಡುತ್ತಿದ್ದೇನೆ ಅಂದುಕೊಂಡು ಇಡೀ ಊರೇ ಕೈ ಬೀಸಿತು! "ತಂತಿ, ತಂತಿ!" ಅಂತ ಕಿರುಚಿದೆ. ಇಂಜಿನ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಗಾಡಿ ಇಳಿಯಿತು, ಸಾಲಿನ ಮೇಲೆ ನೆಟ್ಟಗೆ ಬಂತು.

ತಂತಿ ಹತ್ತಿರವಾಗುವ ಮೊದಲೇ ಗಾಡಿ ಮೆಲ್ಲಗೆ ವಾಲಿತು, ಮೆಲ್ಲಗೆ ಏರಿತು. ಸರಿಯಾಗಿ ಕಂಬದ ನೆತ್ತಿಯ ಮೇಲೆ, ಕಂಬಕ್ಕೆ ಕೈ ಮುಗಿದು ಹೋದ ಹಾಗೆ ದಾಟಿತು. ಊರು ಚಪ್ಪಾಳೆ ತಟ್ಟಿತು. ನಾನು ಬದುವಿನ ಮೇಲೆ ಕೂತು ಅಳುತ್ತಿದ್ದೆ.

ಬೈಕ್ ಹತ್ತಿ ರನ್‌ವೇಗೆ ಓಡಿದೆ. ಅಕ್ಕ ಗ್ಲೌಸ್ ಬಿಚ್ಚುತ್ತಿದ್ದಳು.

"ನಡೆದು ನೋಡಿದ್ಯಾ?"

"ಇಲ್ಲ ಕಣಕ್ಕಾ. ಸುಳ್ಳು ಹೇಳ್ದೆ."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕ್ಯಾಮೆರಾದವನ ಮೈಕ್ ಇರುವ ಹೆಲ್ಮೆಟ್ ಇಸಿದುಕೊಂಡು ನನ್ನ ತಲೆಗೆ ಇಟ್ಟು, ಪಟ್ಟಿ ಬಿಗಿದಳು. ಚಿಕ್ಕಂದಿನಲ್ಲಿ ನನ್ನ ಅಂಗಿ ಗುಂಡಿ ಹಾಕುತ್ತಿದ್ದ ಅದೇ ಬೆರಳು.

"ಹಿಂದೆ ಹತ್ತು. ಕಂಬ ಕಂಡ್ರೆ ಕೂಗು."

ಇಷ್ಟು ವರ್ಷ ಹತ್ತದೆ ತಪ್ಪಿಸಿಕೊಂಡಿದ್ದವನು ಹತ್ತಿದೆ. ನೆಲ ಕೆಳಗೆ ಜಾರಿತು. ಆದರೆ ಕಣ್ಣು ಮುಚ್ಚಲಿಲ್ಲ.

"ಅಕ್ಕಾ, ಎಡಕ್ಕೆ ಕಂಬ!"

"ಸರಿ, ಕಂಡ್ತು."

"ಅಕ್ಕಾ, ಮುಂದೆ ಎರಡು!"

"ಸರಿ, ಕಂಡ್ತು."

ಕೆರೆಯ ಆಚೆ ಇನ್ನೊಂದು ಕಂಡಿತು. ಕೂಗಿದೆ. ಕೂಗಿದ ಮೇಲೆ ನೋಡಿದರೆ ಅದು ಒಂಟಿ ನೀಲಗಿರಿ ಮರ. ಅಕ್ಕನಿಗೆ ಅದು ನನಗಿಂತ ಮೊದಲೇ ಗೊತ್ತಾಗಿತ್ತು.

"ಸರಿ, ಕಂಡ್ತು," ಅಂದು, ಎರಡೇ ಬೆರಳಲ್ಲಿ, ಮೆಲ್ಲಗೆ ಗಾಡಿ ತಿರುಗಿಸಿದಳು.